ಎಐ ಬರುತ್ತಾ, ಬರುತ್ತೆ ಅನ್ನಿಸುತ್ತಾ? ಬೆಂಗಳೂರಿನ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೊನೆಯ ವರ್ಷದ ಡಿಗ್ರಿ, ಇಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆ ಕೂತು ಕೆಲಸದ ಬಗ್ಗೆ ಮಾತಾಡುವುದು ನನ್ನ ವೃತ್ತಿಯ ಒಂದು ಭಾಗ. ಜ್ಞಾನಭಾರತಿ ಇರಲಿ, ಯಲಹಂಕ ಇರಲಿ, ಈಗ ಯಾವ ಮಾತು ಶುರುವಾದರೂ ಎಐ ಹತ್ತಿರ ಬಂದು ನಿಲ್ಲುತ್ತದೆ. ಎದುರಿಗೆ ಕೇಳಿದ್ದು, ಬರೆದು ಕಳಿಸಿದ್ದು, ಕೆಲವರು ತಂದೆ ತಾಯಿ ಕೈಲಿ ಕೇಳಿಸಿದ್ದು ಎಲ್ಲವನ್ನೂ ಸೇರಿಸಿ ಇಲ್ಲಿಟ್ಟಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಪೂರ್ತಿ ಓದಬೇಕಂತಿಲ್ಲ, ನಿಮ್ಮದು ಯಾವುದೋ ಅದಕ್ಕೆ ನೇರ ಹೋಗಿ.

## ಶುರುವಿನ ಪ್ರಶ್ನೆಗಳು

ಚಾಟ್‌ಜಿಪಿಟಿ ದಿನಾ ಬಳಸ್ತೀನಿ. ರೆಸ್ಯೂಮೆಯಲ್ಲಿ "ಎಐ ಗೊತ್ತು" ಅಂತ ಹಾಕ್ಬಹುದಾ ಸರ್?

ಹಾಕಬಹುದು, ಆದರೆ ಓದುವವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ 30ಕ್ಕೆ. ನಿಮ್ಮ ಬ್ಯಾಚ್‌ನವರು ಹೆಚ್ಚುಕಮ್ಮಿ ಅದರ ಜೊತೆಯಲ್ಲೇ ಕಾಲೇಜು ಮೆಟ್ಟಿಲು ಹತ್ತಿದವರು. ದಿನಾ ಬಳಸುವುದು ಈಗ ವಿಶೇಷವೇ ಅಲ್ಲ.

ನಾನು ಇದನ್ನು ಮೂರು ಥರ ನೋಡುತ್ತೇನೆ. ಕೇಳಿ ಉತ್ತರ ಪಡೆಯುವುದು ಒಂದು. ಬಂದ ಉತ್ತರ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಹಿಡಿಯುವುದು ಎರಡನೆಯದು. ಎಪಿಐ (ನಮ್ಮ ಪ್ರೋಗ್ರಾಂನಿಂದಲೇ ಎಐಯನ್ನು ಕರೆಯುವ ದಾರಿ) ಬಳಸಿ, ಡೇಟಾ ತೊಳೆದು, ಮಾಡೆಲ್ ಜೋಡಿಸಿ ಏನಾದರೂ ಕಟ್ಟುವುದು ಮೂರನೆಯದು. ಮೊದಲನೆಯದು ಎಲ್ಲರಿಗೂ ಬರುತ್ತದೆ. ಮೂರನೆಯದು ಎಲ್ಲರಿಗೂ ಬೇಕಾಗಿಲ್ಲ. ಕೆಲಸ ಕೊಡುವವರು ಹುಡುಕುವುದು ಜಾಸ್ತಿ ಎರಡನೆಯದನ್ನೇ.

ಆದ್ದರಿಂದ ರೆಸ್ಯೂಮೆಯಲ್ಲಿ ಮಾಡಿದ ಕೆಲಸ ಬರೆಯಿರಿ. "ಲೈಬ್ರರಿಯ ಹಳೇ ಪುಸ್ತಕಗಳ ಪಟ್ಟಿಯನ್ನು ಎಐ ಸಹಾಯದಿಂದ ವಿಷಯವಾರು ವಿಂಗಡಿಸಿದೆ, ನೂರು ಪುಸ್ತಕಗಳನ್ನು ಕೈಯಾರೆ ತಾಳೆ ನೋಡಿದೆ, ಲೇಖಕರ ಹೆಸರು ಹೆಚ್ಚಾಗಿ ತಪ್ಪಿತ್ತು" ಎಂಬಂಥ ಒಂದು ಸಾಲು ಸಾಕು. ಎದುರು ಕೂತವರು ಮುಂದಿನ ಹತ್ತು ನಿಮಿಷ ಅದರ ಬಗ್ಗೆಯೇ ಕೇಳುತ್ತಾರೆ. ಅದು ನಿಮಗೆ ಅನುಕೂಲ.

ನಾನು ಬಿಕಾಂ. ಇದೆಲ್ಲಾ ಇಂಜಿನಿಯರಿಂಗ್ ಹುಡುಗರಿಗೆ ಅಲ್ವಾ?

ಅಲ್ಲ. ಎಐ ಬಗ್ಗೆ ಮೊದಲು ಬಂದ ಗಟ್ಟಿ ಪ್ರಯೋಗಗಳಲ್ಲಿ ಒಂದರಲ್ಲಿ ಇದ್ದವರು ಕೋಡಿಂಗ್ ಮಾಡುವವರಲ್ಲ. 2023ರಲ್ಲಿ ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು ಮಾರ್ಕೆಟಿಂಗ್, ಎಚ್‌ಆರ್‌ನಂಥ ಕೆಲಸದ 450ಕ್ಕೂ ಹೆಚ್ಚು ಜನರಿಗೆ ಬರವಣಿಗೆಯ ಕೆಲಸ ಕೊಟ್ಟು ನೋಡಿದರು. ಚಾಟ್‌ಜಿಪಿಟಿ ಸಿಕ್ಕವರಿಗೆ ಬೇಕಾದ ಸಮಯ ಶೇ. 40ರಷ್ಟು ಇಳಿಯಿತು, ಗುಣಮಟ್ಟ ಶೇ. 18ರಷ್ಟು ಏರಿತು.

ಬೆಂಗಳೂರಿನ ಮಟ್ಟಿಗೆ ಇನ್ನೊಂದು ಸಂಗತಿ ಇದೆ. ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆಯುವ ಕಚೇರಿಗಳನ್ನು ಜಿಸಿಸಿ ಎನ್ನುತ್ತಾರೆ. ರಾಜ್ಯ ಸರ್ಕಾರ 2024ರಲ್ಲಿ ಅದಕ್ಕೆಂದೇ ಒಂದು ನೀತಿ ತಂದಿತು. 2029ರ ಹೊತ್ತಿಗೆ 500 ಹೊಸ ಕೇಂದ್ರ, 3.5 ಲಕ್ಷ ಉದ್ಯೋಗ ಅದರ ಗುರಿ. ಇಂಥ ಕಚೇರಿಗಳಲ್ಲಿ ಲೆಕ್ಕಪತ್ರ, ಬಿಲ್ ಪಾವತಿ, ಆಡಿಟ್ ಸಹಾಯದ ಕೆಲಸ ಬೇಕಾದಷ್ಟಿರುತ್ತದೆ, ಬಿಕಾಂನವರೇ ಮಾಡುತ್ತಾರೆ.

ಒಂದು ಉದಾಹರಣೆ. ಖರೀದಿ ರಿಜಿಸ್ಟರ್‌ಗೂ, ಮಾರಿದವರು ಕೊಟ್ಟ ಲೆಕ್ಕದಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಜಿಎಸ್‌ಟಿಆರ್-2ಬಿ ಪಟ್ಟಿಗೂ ತಾಳೆಯಾಗದ ಬಿಲ್‌ಗಳನ್ನು ಹುಡುಕಬೇಕು. ಎಕ್ಸೆಲ್ ಫಾರ್ಮುಲಾ ಎಐ ಕೊಡುತ್ತದೆ. ಯಾವ ಬಿಲ್‌ಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ಕಡಿತ) ಸಿಗುತ್ತದೆ, ಯಾವುದಕ್ಕೆ ಇಲ್ಲ ಎಂದು ಗೊತ್ತಿರಬೇಕಾದವರು ನೀವು. ಪಕ್ಕದ ಡೆಸ್ಕಿನ ಇಂಜಿನಿಯರಿಗೆ ಅದು ಗೊತ್ತಿರುವುದಿಲ್ಲ. ಆದರೆ ಗ್ರಾಹಕರ ಹೆಸರು, ಪ್ಯಾನ್, ಬ್ಯಾಂಕ್ ವಿವರ ಇರುವ ಶೀಟನ್ನು ಉಚಿತ ಚಾಟ್‌ಬಾಟ್‌ಗೆ ಹಾಕಬೇಡಿ. ಇಂಟರ್ನ್‌ಶಿಪ್‌ನಲ್ಲೇ ಈ ಅಭ್ಯಾಸ ಬಿದ್ದರೆ ಮುಂದೆ ಕೆಲಸಕ್ಕೇ ಕುತ್ತು.

ನಾನು ಕನ್ನಡ ಮೀಡಿಯಂ, ಹಳ್ಳಿ ಕಡೆಯವಳು. ಇಂಗ್ಲಿಷಲ್ಲೇ ಪ್ರಾಂಪ್ಟ್ ಬರೀಬೇಕಾ?

ಬೇಕಿಲ್ಲ. ಈಗಿನ ದೊಡ್ಡ ಮಾಡೆಲ್‌ಗಳಿಗೆ ಕನ್ನಡ ಅರ್ಥವಾಗುತ್ತದೆ. ಕನ್ನಡ ಇಂಗ್ಲಿಷ್ ಕಲಸಿ ಬರೆದರೂ ಆಗುತ್ತದೆ. ಕೇಂದ್ರ ಸರ್ಕಾರದ ಅನುವಾದ ವೇದಿಕೆ ಭಾಷಿಣಿ 2022ರಿಂದ ಇದೆ. ಐಐಟಿ ಮದ್ರಾಸಿನ ಎಐಫೋರ್‌ಭಾರತ್ ಭಾರತೀಯ ಭಾಷೆಗಳಿಗೆಂದೇ ಕೆಲಸ ಮಾಡುತ್ತಿದೆ. 2025ರಲ್ಲಿ ಕೇಂದ್ರ ಸರ್ಕಾರದ ಇಂಡಿಯಾಎಐ ಮಿಷನ್ ಸ್ವದೇಶಿ ಮಾಡೆಲ್ ಕಟ್ಟಲು ಆರಿಸಿದ ಸರ್ವಂ ನಮ್ಮ ಬೆಂಗಳೂರಿನದೇ ಕಂಪನಿ.

ಎರಡು ವಿಷಯ ತಿಳಿದಿರಲಿ. ಕನ್ನಡದ ಅಕ್ಷರಗಳನ್ನು ಬಹಳಷ್ಟು ಮಾಡೆಲ್‌ಗಳು ಇಂಗ್ಲಿಷ್‌ಗಿಂತ ಹೆಚ್ಚು ಚೂರುಗಳಾಗಿ ಒಡೆದು ಓದುತ್ತವೆ. ಹಾಗಾಗಿ ಉಚಿತ ಮಿತಿ ಬೇಗ ಮುಗಿಯಬಹುದು. ಜೊತೆಗೆ ಅವು ಕನ್ನಡದಲ್ಲಿ ಓದಿಕೊಂಡಿದ್ದು ಕಡಿಮೆ. ನಮ್ಮ ಊರು, ನಮ್ಮ ಕಾನೂನು, ನಮ್ಮ ಸಾಹಿತ್ಯದ ವಿಷಯಕ್ಕೆ ಬಂದಾಗ ಇನ್ನಷ್ಟು ಹುಷಾರಾಗಿ ತಾಳೆ ನೋಡಬೇಕು.

ನಾನು ಹೇಳುವ ದಾರಿ ಇದು: ವಿಷಯವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಎಷ್ಟು ಸಲ ಬೇಕಾದರೂ ಕೇಳಿ, ಅದಕ್ಕೆ ಬೇಜಾರಿಲ್ಲ. ಆಮೇಲೆ ಅದೇ ವಿಷಯವನ್ನು ಇಂಗ್ಲಿಷಲ್ಲಿ ನಾಲ್ಕು ಸಾಲಲ್ಲಿ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ಹೇಳದೇ ಹೋದರೆ ಇಂಟರ್‌ವ್ಯೂನಲ್ಲಿ ತೊಡಕಾಗುತ್ತದೆ. ನಾನು ನೋಡಿದಂತೆ ಕನ್ನಡ ಮೀಡಿಯಂ ಮಕ್ಕಳು ಇಂಗ್ಲಿಷ್ ಅಂಜಿಕೆಯನ್ನೇ "ನನಗೆ ಎಐ ಬರಲ್ಲ" ಎಂದುಕೊಂಡುಬಿಡುತ್ತಾರೆ. ಎರಡೂ ಬೇರೆ. ಬೇರೆ ಬೇರೆಯಾಗಿಯೇ ಸರಿಮಾಡಿಕೊಳ್ಳಬೇಕು.

ಎಐ ಕೋರ್ಸ್‌ಗೆ ಐವತ್ತು ಸಾವಿರ ಕೇಳ್ತಿದ್ದಾರೆ. ಸೇರ್ಲಾ ಬೇಡ್ವಾ?

ಇಎಂಐ ಮೇಲೆ ಸೇರಬೇಕಾದ ಪರಿಸ್ಥಿತಿ ಇದ್ದರೆ ಬೇಡ. ಎನ್‌ಪಿಟೆಲ್‌ನಲ್ಲಿ ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠ ಉಚಿತ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಸಣ್ಣ ಶುಲ್ಕ. ಕೇಂದ್ರ ಸರ್ಕಾರದ "ಸ್ವಯಂ" ಆನ್‌ಲೈನ್ ಕೋರ್ಸ್ ತಾಣ ಇದೆ, ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಇದೆ. ಹಣ ಕೊಟ್ಟೇ ಸೇರುವುದಾದರೆ ಒಂದು ಕೆಲಸ ಮಾಡಿ. "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಎಂದು ಬರೆದಿರುವ ಕಡೆ ಕೆಲಸ ಸಿಗದಿದ್ದರೆ ಹಣ ವಾಪಸ್ ಎಂದು ಬರೆದುಕೊಡುತ್ತೀರಾ ಎಂದು ಕೇಳಿ. ಉತ್ತರ ಬರುವುದರೊಳಗೆ ನಿಮಗೆ ಗೊತ್ತಾಗುತ್ತದೆ.

## ಬರುತ್ತೆ, ಬರಲ್ಲ ಎನ್ನುವ ಲೆಕ್ಕ

ಕ್ಲಾಸಲ್ಲಿ ಎಲ್ಲರಿಗೂ ಎಐ ಬರುತ್ತೆ, ನಂಗೊಬ್ಬಳಿಗೇ ಬರಲ್ಲ ಅನ್ಸುತ್ತೆ. ಏನು ಮಾಡ್ಲಿ?

ಮೊದಲು ಒಂದು ಮಾತು: ಕ್ಲಾಸಲ್ಲಿ ನೀವು ನೋಡುವುದು ಬೇರೆಯವರು ತೋರಿಸಿದ್ದನ್ನು ಮಾತ್ರ. ಲಿಂಕ್ಡ್‌ಇನ್‌ನಲ್ಲಿ ಸರ್ಟಿಫಿಕೇಟ್ ಹಾಕುತ್ತಾರೆ, ಓಡದೇ ಇದ್ದ ಕೋಡ್ ಹಾಕುವುದಿಲ್ಲ.

"ನನ್ನಿಂದ ಇದು ಆಗುತ್ತದೆ" ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ವಿವರಿಸಿದ್ದರು. ನಾಲ್ಕು ಮೂಲ. ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡಿದ್ದನ್ನು ನೋಡುವುದು, ಬೇರೆಯವರು ಹೇಳುವ ಧೈರ್ಯದ ಮಾತು, ಮತ್ತೆ ನಮ್ಮ ಮೈಮನಸ್ಸಿನ ಸ್ಥಿತಿ. ಇದರಲ್ಲಿ ಅತಿ ಗಟ್ಟಿ ಮೊದಲನೆಯದು. "ನೀನು ಮಾಡ್ತೀಯ ಬಿಡು" ಎಂದು ಮಾವ ಹೇಳಿದರೆ ಒಂದು ದಿನ ಖುಷಿ. ಓಡದ ಪ್ರೋಗ್ರಾಂ ನಿಮ್ಮ ಕೈಯಲ್ಲಿ ಓಡಿದರೆ ಆ ಧೈರ್ಯ ಉಳಿಯುತ್ತದೆ.

ಹಾಗಾಗಿ ದೊಡ್ಡದಕ್ಕೆ ಕೈ ಹಾಕಬೇಡಿ. ನಿಮ್ಮ ವಿಷಯದ್ದೇ ಒಂದು ಸಣ್ಣ ಕೆಲಸ ಆರಿಸಿ. ಬಿಎ ಇತಿಹಾಸದವರಾದರೆ ಒಂದು ಅಧ್ಯಾಯದ ಸಾರಾಂಶ ಬರೆಸಿ, ಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಪ್ಪು ಗುರುತಿಸಿ. ಇಸವಿ ತಪ್ಪಿರುತ್ತದೆ, ಒಬ್ಬ ರಾಜನ ಕೆಲಸ ಇನ್ನೊಬ್ಬನ ತಲೆಗೆ ಕಟ್ಟಿರುತ್ತದೆ. ಮೊದಲ ತಪ್ಪು ಹಿಡಿದ ದಿನವೇ ಹೆದರಿಕೆ ಅರ್ಧ ಇಳಿಯುತ್ತದೆ.

ನಂಗೆ ಚೆನ್ನಾಗಿ ಬರುತ್ತೆ ಅಂತಲೇ ನಂಬಿದ್ದೆ. ಇಂಟರ್‌ವ್ಯೂನಲ್ಲಿ ಬಾಯೇ ಬರಲಿಲ್ಲ. ಯಾಕೆ?

ಈ ಪ್ರಶ್ನೆ ಕೇಳುವವರು ಸೋಮಾರಿಗಳಲ್ಲ. ಸೆಮಿಸ್ಟರ್ ಪೂರ್ತಿ ಕೆಲಸ ಮಾಡಿರುತ್ತಾರೆ, ಪ್ರಾಜೆಕ್ಟ್ ಓಡಿರುತ್ತದೆ, ಅಂಕವೂ ಬಂದಿರುತ್ತದೆ. ಬೇರೆಯವರು ಬಿಡಿಸಿದ ರಂಗೋಲಿಗೆ ಬಣ್ಣ ತುಂಬಿದವರಿಗೂ ರಂಗೋಲಿ ಹಾಕಿದ ಖುಷಿಯೇ ಇರುತ್ತದೆ. ಚುಕ್ಕಿ ಇಡು ಎಂದಾಗ ತಾನೇ ಗೊತ್ತಾಗುವುದು.

ಟರ್ಕಿಯಲ್ಲಿ ಸುಮಾರು ಸಾವಿರ ಹೈಸ್ಕೂಲ್ ಮಕ್ಕಳ ಗಣಿತ ಪಾಠದಲ್ಲಿ ನಡೆದ ಪ್ರಯೋಗ ನೋಡಿ. ಮಾಮೂಲಿ ಚಾಟ್‌ಬಾಟ್ ಸಿಕ್ಕ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ, ಎಐ ಇಲ್ಲದವರಿಗಿಂತ ಶೇ. 48ರಷ್ಟು ಹೆಚ್ಚು ಚೆನ್ನಾಗಿ ಮಾಡಿದರು. ಪರೀಕ್ಷೆಯಲ್ಲಿ ಅದನ್ನು ಕಿತ್ತುಕೊಂಡಾಗ, ಎಐ ಮುಟ್ಟದ ಮಕ್ಕಳಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಇನ್ನೊಂದು ಗುಂಪಿಗೆ ನೇರ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಚಾಟ್‌ಬಾಟ್ ಕೊಟ್ಟಿದ್ದರು. ಅವರಿಗೆ ಈ ನಷ್ಟ ಬಹುಪಾಲು ಆಗಲಿಲ್ಲ.

ಇದು ಮಕ್ಕಳ ವಿಷಯ ಎನ್ನಬೇಡಿ. 2025ರಲ್ಲಿ ಮೀಟರ್ ಎಂಬ ಅಮೆರಿಕದ ಸಂಸ್ಥೆ 16 ಅನುಭವಿ ಡೆವಲಪರ್‌ಗಳಿಗೆ ಅವರೇ ವರ್ಷಗಟ್ಟಲೆ ಕೆಲಸ ಮಾಡಿದ ಕೋಡ್‌ನಲ್ಲಿ 246 ಕೆಲಸ ಕೊಟ್ಟಿತು. ಎಐ ಇದ್ದರೆ ಶೇ. 24ರಷ್ಟು ಬೇಗ ಮುಗಿಯುತ್ತದೆ ಎಂದು ಅವರು ಮೊದಲೇ ಅಂದಾಜು ಮಾಡಿದ್ದರು. ನಿಜವಾಗಿ ಶೇ. 19ರಷ್ಟು ಜಾಸ್ತಿ ಸಮಯ ಹಿಡಿಯಿತು. ಕೆಲಸ ಮುಗಿದ ಮೇಲೂ ಅವರಿಗೆ ತಾವು ಶೇ. 20ರಷ್ಟು ಬೇಗ ಮುಗಿಸಿದೆವು ಎಂದೇ ಅನ್ನಿಸಿತ್ತು! ಹದಿನಾರು ಜನ ತೀರಾ ಕಡಿಮೆ, ಉಪಕರಣಗಳೂ ಆಗಿನವು. ಎಐ ಎಲ್ಲರನ್ನೂ ನಿಧಾನ ಮಾಡುತ್ತದೆ ಎಂದು ಇದರಿಂದ ಹೇಳಲಾಗದು. ಆದರೆ ಪಳಗಿದವರಿಗೇ ತಮ್ಮ ವೇಗದ ಅಂದಾಜು ಸಿಗಲಿಲ್ಲ ಎಂದರೆ, ಏಳನೇ ಸೆಮಿಸ್ಟರ್‌ನ ನಮ್ಮ ಅಂದಾಜನ್ನು ಸ್ವಲ್ಪ ಅನುಮಾನದಿಂದ ನೋಡುವುದು ಒಳ್ಳೆಯದಲ್ವಾ?

ಇಂಟರ್‌ವ್ಯೂಗೆ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮ ಪ್ರಾಜೆಕ್ಟ್‌ನ ಯಾವುದಾದರೂ ಒಂದು ಫೈಲ್ ತೆರೆದು, ನೆಟ್ ಆಫ್ ಮಾಡಿ, ಪ್ರತಿ ಸಾಲು ಯಾಕಿದೆ ಎಂದು ಗೆಳೆಯರಿಗೆ ಹೇಳಿ. ಸಿಕ್ಕಿಬಿದ್ದ ಸಾಲುಗಳ ಪಟ್ಟಿ ಮಾಡಿ. ಇಂಟರ್‌ವ್ಯೂ ಮಾಡುವವರು ಅಲ್ಲೇ ಕೈ ಇಡುತ್ತಾರೆ. "ಈ ಭಾಗ ಎಐ ಬರೆದಿದ್ದು, ನಾನು ಇಲ್ಲಿ ಬದಲಾಯಿಸಿದೆ, ಕಾರಣ ಇದು" ಎಂದು ಹೇಳಿದವರನ್ನು ಯಾರೂ ಹೊರಗೆ ಕಳಿಸಿದ್ದು ನಾನು ನೋಡಿಲ್ಲ. ಎಲ್ಲಾ ನಾನೇ ಬರೆದೆ ಎಂದು ಮೂರನೇ ಪ್ರಶ್ನೆಗೆ ತಡವರಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಎಐ ಇಷ್ಟು ನೀಟಾಗಿ ಬರೆಯುತ್ತೆ. ಅದು ತಪ್ಪು ಅಂತ ನಮಗೆ ಗೊತ್ತಾಗೋದಾದ್ರೂ ಹೇಗೆ?

ನೀಟಾಗಿ ಬರೆಯುವುದೇ ತೊಂದರೆ. ಮುಂದಿನ ಪದ ಯಾವುದು ಬರಬಹುದು ಎಂಬ ಲೆಕ್ಕದ ಮೇಲೆ ಅದು ಬರೆಯುತ್ತದೆ. ಸತ್ಯಕ್ಕೂ ಸುಳ್ಳಿಗೂ ಅದರ ದನಿ ಒಂದೇ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದರು. ನಮ್ಮಲ್ಲೂ, ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದು ಆದೇಶದಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖ ಸಿಕ್ಕಿ, ಅದನ್ನು ವಾಪಸ್ ಪಡೆಯಬೇಕಾಯಿತು.

ಎಲ್ಲಿ ಎಡವುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. 2023ರಲ್ಲಿ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನ 758 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಎಐಗೆ ಒಗ್ಗುವ ಕೆಲಸಗಳಲ್ಲಿ ಅದನ್ನು ಬಳಸಿದವರು ಮುಂದಿದ್ದರು. ಒಗ್ಗದ ಒಂದು ಕೆಲಸದಲ್ಲಿ ಸರಿ ಉತ್ತರ ಕೊಟ್ಟವರ ಪ್ರಮಾಣ, ಎಐ ಇಲ್ಲದವರಿಗೆ ಹೋಲಿಸಿದರೆ ಶೇಕಡಾ 19 ಅಂಶ ಕೆಳಗಿತ್ತು. ಎರಡೂ ಕೆಲಸ ನೋಡಲು ಒಂದೇ ಥರ ಕಷ್ಟದ್ದಾಗಿ ಕಾಣುತ್ತಿದ್ದವು.

ಹೆಸರು, ಇಸವಿ, ಅಂಕಿ, ಕಾನೂನಿನ ಕಲಂ, ಪುಸ್ತಕದ ಉಲ್ಲೇಖ: ಈ ಐದನ್ನು ಮೂಲದಲ್ಲಿ ನೋಡದೆ ಬಳಸಬೇಡಿ. ಮಿಕ್ಕಿದ್ದಕ್ಕೆ ನಿಮ್ಮ ವಿಷಯಜ್ಞಾನವೇ ಗತಿ. ಸಿಲಬಸ್ ಓದುವುದಕ್ಕೆ ಇನ್ನೂ ಅರ್ಥ ಇದೆ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಹುಡುಗೀರು ಎಐ ಕಡಿಮೆ ಬಳಸ್ತಾರೆ ಅಂತಾರೆ. ನಿಜಾನಾ ಮೇಷ್ಟ್ರೇ?

ಹೊರದೇಶಗಳ ಅಧ್ಯಯನಗಳಲ್ಲಿ ಹಾಗೆ ಕಂಡಿದೆ. ಡೆನ್ಮಾರ್ಕ್‌ನಲ್ಲಿ 11 ವೃತ್ತಿಗಳ 18,000 ಜನರನ್ನು ಕೇಳಿದಾಗ, ಒಂದೇ ಕೆಲಸ ಮಾಡುವವರ ನಡುವೆಯೂ ಹೆಂಗಸರು ಚಾಟ್‌ಜಿಪಿಟಿ ಬಳಸಿದ್ದು ಕಡಿಮೆ ಇತ್ತು. ನಮ್ಮ ಕಾಲೇಜುಗಳಲ್ಲಿ ನನಗೆ ಕಾಣುವುದು ಸ್ವಲ್ಪ ಬೇರೆ. ಹುಡುಗಿಯರು ಬಳಸುತ್ತಾರೆ, ಆದರೆ ಬರುತ್ತದೆ ಎಂದು ಹೇಳಿಕೊಳ್ಳುವುದಿಲ್ಲ. "ಸ್ವಲ್ಪ ಸ್ವಲ್ಪ ಗೊತ್ತು ಸರ್" ಎನ್ನುತ್ತಾರೆ. ಅದೇ ಮಟ್ಟದ ಹುಡುಗ "ಮೀಡಿಯಂ ಎಕ್ಸ್‌ಪರ್ಟ್" ಎಂದು ಬರೆದಿರುತ್ತಾನೆ. ಅದೆಂಥ ಎಕ್ಸ್‌ಪರ್ಟೋ ದೇವರಿಗೇ ಗೊತ್ತು.

ನಷ್ಟ ಆಗುವುದು ಅರ್ಜಿ ಹಾಕುವಾಗ. ಎಂಟು ಅರ್ಹತೆ ಕೇಳಿದ ಕಡೆ ಐದು ಇದ್ದರೆ ಇವರು ಅರ್ಜಿಯನ್ನೇ ಹಾಕುವುದಿಲ್ಲ. ದಯವಿಟ್ಟು ಹಾಕಿ. ಬೇಡ ಎನ್ನುವುದು ಕಂಪನಿಯ ಕೆಲಸ, ಅದನ್ನು ನೀವು ಯಾಕೆ ಮಾಡಿಕೊಡುತ್ತೀರಿ?

ಅಸೈನ್‌ಮೆಂಟ್ ನಾನೇ ಬರೆದೆ. ಆದ್ರೂ ಎಐ ಬರೆದಿದ್ದು ಅಂತ ವಾಪಸ್ ಕೊಟ್ಟಿದ್ದಾರೆ. ಏನು ಮಾಡೋದು?

ಎಐ ಹಿಡಿಯುವ ಸಾಫ್ಟ್‌ವೇರ್‌ಗಳ ತೀರ್ಪೇ ಅಂತಿಮ ಅಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಉಪಕರಣವನ್ನು 2023ರ ಜುಲೈನಲ್ಲಿ, ನಿಖರತೆ ಸಾಲದು ಎಂದು ನಿಲ್ಲಿಸಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳನ್ನು ಇಂಥ ಏಳು ಉಪಕರಣಗಳಿಗೆ ಕೊಟ್ಟರು. ಸರಾಸರಿ ಶೇ. 61ರಷ್ಟು ಪ್ರಬಂಧಗಳನ್ನು ಅವು ಎಐ ಬರೆದಿದ್ದು ಎಂದವು. ಸರಳ ಪದ, ಸಣ್ಣ ವಾಕ್ಯ ಬಳಸುವ ನಮ್ಮಂಥವರಿಗೆ ಇದರ ಬಿಸಿ ಜಾಸ್ತಿ.

ಕರಡು ಪ್ರತಿಗಳನ್ನು ಇಟ್ಟುಕೊಳ್ಳಿ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಯಾವಾಗ ಏನು ಬರೆದಿರಿ ಎಂಬ ಇತಿಹಾಸ ಇರುತ್ತದೆ. ಅದನ್ನು ತೋರಿಸಿ, "ಐದು ನಿಮಿಷ ಪ್ರಶ್ನೆ ಕೇಳಿ ಸರ್" ಎಂದು ನೀವೇ ಮುಂದಾಗಿ ಹೇಳಿ. ಜಗಳ ಬೇಡ.

## ಕೆಲಸ, ಸಂಬಳ, ಮನೆಯವರು

ಎಐ ಬಂದ್ಮೇಲೆ ಫ್ರೆಶರ್‌ಗೆ ಕೆಲಸಾನೇ ಇರಲ್ವಂತೆ. ಸಿಎಸ್ (ಕಂಪ್ಯೂಟರ್ ಸೈನ್ಸ್) ತಗೊಂಡು ತಪ್ಪು ಮಾಡಿದ್ನಾ?

ತಪ್ಪು ಮಾಡಿಲ್ಲ. ಹಾಗೆಂದು ಭಯಕ್ಕೆ ಕಾರಣವೇ ಇಲ್ಲ ಎಂದೂ ಹೇಳಲಾರೆ.

ಭವಿಷ್ಯ ಹೇಳುವ ಅಂಕಿಗಳನ್ನು ಸ್ವಲ್ಪ ದೂರದಿಂದ ನೋಡಿ. 2013ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಅಮೆರಿಕದ ಶೇ. 47ರಷ್ಟು ಉದ್ಯೋಗಗಳು ಯಂತ್ರದ ಪಾಲಾಗುವ ಅಪಾಯದಲ್ಲಿವೆ ಎಂದಿದ್ದರು. ಹತ್ತು ವರ್ಷ ಕಳೆದಾಗ ಅಲ್ಲಿ ನಿರುದ್ಯೋಗ ಶೇ. 4ಕ್ಕಿಂತ ಕೆಳಗಿತ್ತು. ವಿಶ್ವ ಆರ್ಥಿಕ ವೇದಿಕೆಯ 2025ರ ವರದಿ, 2030ರ ಹೊತ್ತಿಗೆ ಜಗತ್ತಿನಲ್ಲಿ 9.2 ಕೋಟಿ ಕೆಲಸ ಹೋಗಿ 17 ಕೋಟಿ ಹೊಸದು ಬರುತ್ತವೆ ಎನ್ನುತ್ತದೆ. ಅದು ಕಂಪನಿಗಳನ್ನು ಕೇಳಿ ಮಾಡಿದ ಅಂದಾಜು. ಹೋಗುವ ಕೆಲಸವೂ ಬರುವ ಕೆಲಸವೂ ಒಬ್ಬರಿಗೇ ಸಿಗುತ್ತವೆ ಎಂದೇನಿಲ್ಲ.

ಆಗಿಹೋದದ್ದರ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನವರು ಅಮೆರಿಕದ ಸಂಬಳ ಪಟ್ಟಿಗಳನ್ನು ಇಟ್ಟುಕೊಂಡು ನೋಡಿದರು. ಎಐ ಹೆಚ್ಚು ತಟ್ಟುವ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ, ಬೇರೆಯವರಿಗೆ ಹೋಲಿಸಿದರೆ ಶೇ. 13ರಷ್ಟು ಕುಸಿದಿತ್ತು. ಅದೇ ಕೆಲಸಗಳಲ್ಲಿದ್ದ ಹಿರಿಯರಿಗೆ ಅಷ್ಟು ಏಟು ಬಿದ್ದಿರಲಿಲ್ಲ. ಕೋವಿಡ್ ಕಾಲದಲ್ಲಿ ಸಿಕ್ಕಾಪಟ್ಟೆ ಜನರನ್ನು ತೆಗೆದುಕೊಂಡಿದ್ದು, ಬಡ್ಡಿ ದರ ಏರಿದ್ದು ಇದಕ್ಕೆ ಕಾರಣ ಎನ್ನುವವರೂ ಇದ್ದಾರೆ. ನಮ್ಮಲ್ಲಿ ಅದೇ ವರ್ಷ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕೈಬಿಡುವುದಾಗಿ ಹೇಳಿದಾಗ ಹೆಚ್ಚಿನವರು ಮಧ್ಯಮ, ಹಿರಿಯ ಹಂತದವರು. ಅಲ್ಲಿಗೂ ಇಲ್ಲಿಗೂ ಚಿತ್ರ ಒಂದೇ ಅಲ್ಲ.

ನನ್ನ ಅಭಿಪ್ರಾಯ ಕೇಳುವುದಾದರೆ: ಹೇಳಿದ್ದನ್ನು ಹೇಳಿದ ಹಾಗೆ ಟೈಪ್ ಮಾಡುವ ಫ್ರೆಶರ್ ಕೆಲಸ ಕಡಿಮೆಯಾಗುತ್ತದೆ. ಟೆಸ್ಟಿಂಗ್, ಡೇಟಾ ಸರಿಪಡಿಸುವುದು, ಹಳೇ ಸಿಸ್ಟಂ ಅರ್ಥ ಮಾಡಿಕೊಂಡು ಗ್ರಾಹಕರ ಜೊತೆ ಮಾತಾಡುವುದು ಉಳಿಯುತ್ತವೆ. ಸಿಎಸ್ ಓದಿದವರಿಗೆ ಅತ್ತ ತಿರುಗುವುದು ಕಷ್ಟವಲ್ಲ.

ಎಐ ಬ್ರಾಂಚ್ ಓದಿದ್ರೆ ಎಷ್ಟು ಸಂಬಳ ಎಕ್ಸ್‌ಪೆಕ್ಟ್ ಮಾಡ್ಬಹುದು?

ಬ್ರಾಂಚ್ ಹೆಸರು ನೋಡಿ ಯಾರೂ ಸಂಬಳ ಕೊಡುವುದಿಲ್ಲ. ತಾಂತ್ರಿಕ ಶಿಕ್ಷಣದ ನಿಯಂತ್ರಣ ಸಂಸ್ಥೆ ಎಐಸಿಟಿಇ 2024-25ರಿಂದ ಸೀಟುಗಳ ಮಿತಿ ಸಡಿಲಿಸಿದ ಮೇಲೆ ಸಿಎಸ್, ಎಐ ಬ್ರಾಂಚ್‌ಗಳ ಸೀಟು ಇನ್ನಷ್ಟು ಹೆಚ್ಚಾಗಿವೆ. ಅದೇ ಹೆಸರಿನ ಡಿಗ್ರಿ ಹಿಡಿದವರು ನಿಮ್ಮ ಅಕ್ಕಪಕ್ಕ ಬೇಕಾದಷ್ಟಿರುತ್ತಾರೆ.

ದೊಡ್ಡ ಐಟಿ ಕಂಪನಿಗಳು ಗುಂಪಾಗಿ ತೆಗೆದುಕೊಳ್ಳುವ ಫ್ರೆಶರ್‌ಗಳ ಸಂಬಳ ಹತ್ತು ವರ್ಷಕ್ಕೂ ಮೇಲಿನಿಂದ ವರ್ಷಕ್ಕೆ ಮೂರರಿಂದ ನಾಲ್ಕು ಲಕ್ಷದ ಆಸುಪಾಸಿನಲ್ಲೇ ಇದೆ. ಅದೇ ಕಂಪನಿಯೊಳಗೆ ಮೇಲಿನ ಹಂತಗಳೂ ಇವೆ. ಕೋಡಿಂಗ್ ಪರೀಕ್ಷೆ ಚೆನ್ನಾಗಿ ಮಾಡಿದವರಿಗೆ ಎರಡು ಪಟ್ಟು ಸಿಗುವುದುಂಟು. ಜಾಹೀರಾತಿನಲ್ಲಿ ಬರುವ ನಲವತ್ತು ಲಕ್ಷ ಒಬ್ಬಿಬ್ಬರದು. ಕಾಲೇಜಿನ ಸರಾಸರಿ ಕೇಳಬೇಡಿ, ಆ ಒಬ್ಬಿಬ್ಬರು ಅದನ್ನು ಮೇಲಕ್ಕೆ ಎಳೆದಿರುತ್ತಾರೆ. ಸಾಲಾಗಿ ನಿಲ್ಲಿಸಿದರೆ ನಡುವಿನವರಿಗೆ ಎಷ್ಟು ಬಂತು ಎಂದು ಕೇಳಿ.

ಸಿಟಿಸಿ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಬೇರೆ, ಕೈಗೆ ಬರುವುದು ಬೇರೆ. 3.6 ಲಕ್ಷ ಎಂದರೆ ತಿಂಗಳಿಗೆ 30,000. ಪಿಎಫ್, ಗ್ರಾಚುಟಿ, ವಿಮೆ ಎಲ್ಲ ಅದರೊಳಗೇ ಇದ್ದರೆ ಇನ್ನೂ ಕಡಿಮೆ. ಪಿಜಿ ಬಾಡಿಗೆ, ಊಟ, ಮನೆಗೆ ಕಳಿಸುವುದು ಕಳೆದು ನೋಡಿ. ಮೆಟ್ರೋ ಟಿಕೆಟ್ಟೇ 2025ರಲ್ಲಿ ಒಂದು ಕಡೆಗೆ 90 ರೂಪಾಯಿವರೆಗೂ ಏರಿತ್ತು. ಈ ಲೆಕ್ಕ ಮೊದಲೇ ಮಾಡಿದವರು ಮೊದಲ ಆಫರ್ ಬಂದಾಗ ಕುಸಿಯುವುದಿಲ್ಲ. ಸಂಬಳ ಒಂದೇ ಇದ್ದರೆ, ಕಲಿಸುವ ಹಿರಿಯರು ಇರುವ ತಂಡವನ್ನು ಆರಿಸಿ.

ಎಐ ಬಂತು, ಐಟಿ ಮುಗೀತು, ಕೆಪಿಎಸ್‌ಸಿ ಓದು ಅಂತ ಅಪ್ಪ ಹಟ ಹಿಡಿದಿದ್ದಾರೆ. ಏನು ಹೇಳ್ಲಿ?

ಸರ್ಕಾರಿ ಕೆಲಸ ಇಷ್ಟವಾಗಿ ಓದಿದರೆ ಒಳ್ಳೆಯದೇ. ಹೆದರಿ ಓದುವುದಾದರೆ ಮಾತ್ರ ಕೂತು ಮಾತಾಡಬೇಕು. ಅಧಿಸೂಚನೆ ತಡವಾಗುವುದು, ಪರೀಕ್ಷೆ ಮುಂದಕ್ಕೆ ಹೋಗುವುದು ನಮ್ಮಲ್ಲಿ ಹೊಸದಲ್ಲ. ಅಪ್ಪನ ಜೊತೆ ವಾದ ಬೇಡ. ಇಷ್ಟು ತಿಂಗಳು ಕೆಲಸ ಹುಡುಕುತ್ತೇನೆ, ಆಗದಿದ್ದರೆ ಓದುತ್ತೇನೆ ಎಂದು ಒಂದು ಗಡುವು ಹೇಳಿ. ದೊಡ್ಡವರಿಗೆ ಬೇಕಾಗಿರುವುದು ಹೆಚ್ಚಾಗಿ ಆ ಗಡುವೇ.

## ಆಳಕ್ಕೆ ಹೋಗುವವರಿಗೆ

ಎಂಬಿಎ ಪ್ರಾಜೆಕ್ಟ್‌ಗೆ "ಎಐ ಕೌಶಲ, ಆತ್ಮವಿಶ್ವಾಸ, ಕೆರಿಯರ್ ನಿರೀಕ್ಷೆ" ವಿಷಯ ತಗೊಂಡಿದ್ದೀನಿ. ಯಾವ ಥಿಯರಿ, ಸರ್ವೆ ಹೇಗೆ?

1994ರಲ್ಲಿ ಲೆಂಟ್, ಬ್ರೌನ್, ಹ್ಯಾಕೆಟ್ ಎಂಬ ಮೂವರು ಬಂಡೂರಾ ವಿಚಾರವನ್ನು ವೃತ್ತಿ ಆಯ್ಕೆಗೆ ಹೊಂದಿಸಿದರು. ಅದರಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಇವೆ. "ಇದು ನನ್ನಿಂದ ಆಗುತ್ತದೆಯೇ" ಎನ್ನುವುದು ಒಂದು, "ಮಾಡಿದರೆ ನನಗೇನು ಸಿಗುತ್ತದೆ" ಎನ್ನುವುದು ಇನ್ನೊಂದು. ಇವೆರಡೂ ಸೇರಿ ಗುರಿ ರೂಪಿಸುತ್ತವೆ, ಗುರಿ ಕೆಲಸಕ್ಕೆ ಹಚ್ಚುತ್ತದೆ, ಕೆಲಸದ ಫಲ ತಿರುಗಿ ನಂಬಿಕೆಯನ್ನು ಬದಲಿಸುತ್ತದೆ. ಮನೆಯವರ ಬೆಂಬಲ, ಹಣ, ಭಾಷೆಯಂಥ ಅಡ್ಡಿಗಳಿಗೂ ಅಲ್ಲಿ ಜಾಗ ಇದೆ. ನಿಮ್ಮ ವಿಷಯಕ್ಕೆ ಇದು ಚೆನ್ನಾಗಿ ಹೊಂದುತ್ತದೆ. "ನನಗೆ ಎಐ ಬರುತ್ತದೆ, ಆದರೆ ಅದರಿಂದ ಕೆಲಸವೇನೂ ಸಿಗಲ್ಲ" ಎನ್ನುವ ಹುಡುಗನನ್ನು ಈ ಥಿಯರಿ ವಿವರಿಸಬಲ್ಲದು. ಬರೀ ಆತ್ಮವಿಶ್ವಾಸ ಅಳೆದರೆ ಅವನು ಕೈತಪ್ಪುತ್ತಾನೆ.

ಸರ್ವೆ ವಿಷಯದಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. "ನನಗೆ ಎಐ ಕೌಶಲ ಇದೆ", "ನನಗೆ ಎಐ ಬಗ್ಗೆ ಆತ್ಮವಿಶ್ವಾಸ ಇದೆ" ಎಂಬ ಎರಡನ್ನೂ ಒಂದೇ ಗೂಗಲ್ ಫಾರಂನಲ್ಲಿ ಒಂದರಿಂದ ಐದರ ಅಳತೆಯಲ್ಲಿ ಕೇಳುತ್ತಾರೆ. ಎರಡಕ್ಕೂ ಗಟ್ಟಿ ಸಂಬಂಧ ಸಿಗುತ್ತದೆ. ಸಿಗದೇ ಏನು? ಒಂದೇ ಮಾತನ್ನು ಎರಡು ಸಲ ಕೇಳಿದ್ದಾರೆ. ಕೌಶಲವನ್ನು ಬೇರೆಯಾಗಿ ಅಳೆಯಿರಿ. ಎಐ ಕೊಟ್ಟ ಹತ್ತು ಉತ್ತರ ಕೊಡಿ, ಅದರಲ್ಲಿ ಐದು ತಪ್ಪಿರಲಿ. ಉತ್ತರಿಸುವ ಮೊದಲು "ಎಷ್ಟು ಸರಿ ಹಿಡಿಯುತ್ತೀರಿ" ಎಂದು ಅವರ ಕೈಲೇ ಅಂದಾಜು ಬರೆಸಿ. ಅಂದಾಜಿಗೂ ನಿಜಕ್ಕೂ ಇರುವ ಅಂತರವೇ ನಿಮ್ಮ ಪ್ರಾಜೆಕ್ಟ್‌ನ ಚಿನ್ನ. ಕಡಿಮೆ ಬಲ್ಲವರೇ ತಮ್ಮ ಬಗ್ಗೆ ಹೆಚ್ಚು ಅಂದಾಜು ಮಾಡಿಕೊಳ್ಳುತ್ತಾರೆ ಎಂದು ಕ್ರೂಗರ್, ಡನ್ನಿಂಗ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದಿದ್ದನ್ನು ಇಲ್ಲಿ ಉಲ್ಲೇಖಿಸುವಿರಿ, ಸರಿ. ಆದರೆ ಆ ಪರಿಣಾಮದ ಒಂದು ಭಾಗ ಬರೀ ಅಂಕಿಅಂಶದ ಆಟ ಎಂಬ ಟೀಕೆಯನ್ನೂ ಓದಿ. ವೈವಾದಲ್ಲಿ ಕೇಳುತ್ತಾರೆ.

ಆತ್ಮವಿಶ್ವಾಸದ ಪ್ರಶ್ನೆಗಳೂ ನಿರ್ದಿಷ್ಟವಾಗಿರಲಿ. "ಎಐ ಬರುತ್ತದೆ" ಬೇಡ. "ಎಐ ಬರೆದ ಎಕ್ಸೆಲ್ ಫಾರ್ಮುಲಾದಲ್ಲಿ ತಪ್ಪಿದ್ದರೆ ಹುಡುಕಬಲ್ಲೆ" ಎಂದು ಕೇಳಿ, 0ರಿಂದ 100ರ ಒಳಗೆ ಅಂಕ ಕೊಡಿಸಿ. ಬಂಡೂರಾ ಸೂಚಿಸಿದ್ದು ಇದೇ ರೀತಿ.

ಕೊನೆಗೆ ಬಾಣದ ದಿಕ್ಕು, ಅಂದರೆ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು. ಆತ್ಮವಿಶ್ವಾಸದಿಂದ ನಿರೀಕ್ಷೆ ಏರಿತು ಎಂದು ಬರೆಯುತ್ತೀರಿ. ಒಳ್ಳೆ ಕೆಲಸ ಸಿಗುತ್ತದೆ ಎಂಬ ನಿರೀಕ್ಷೆ ಇದ್ದವರೇ ಎಐ ಕಲಿಯಲು ಕೂತಿರಬಹುದಲ್ಲ? ಒಂದೇ ಸಲ ಮಾಡಿದ ಸರ್ವೆ ಇದನ್ನು ಬಿಡಿಸಲಾರದು. ಕ್ಯಾಂಪಸ್ ಸೀಸನ್‌ಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಅದೇ ವಿದ್ಯಾರ್ಥಿಗಳನ್ನು ಕೇಳಿದರೆ ಸ್ವಲ್ಪ ಹತ್ತಿರ ಹೋಗಬಹುದು. ಫಾರಂ ಅನ್ನು ನಿಮ್ಮ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಿ "ಬೆಂಗಳೂರಿನ ವಿದ್ಯಾರ್ಥಿಗಳು" ಎಂದು ಶೀರ್ಷಿಕೆ ಕೊಡಬೇಡಿ. ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು ಆದರೂ ಸೇರಲಿ.

ನಾನು ಉಪನ್ಯಾಸಕಿ. ಎಐ ವರ್ಕ್‌ಶಾಪ್ ಮಾಡಿಸಿದ್ವಿ, ಮಕ್ಕಳ ಉತ್ಸಾಹ ಏರಿತು, ಪ್ಲೇಸ್‌ಮೆಂಟ್ ಏರಲಿಲ್ಲ. ಎಲ್ಲಿ ಎಡವಿದ್ವಿ?

ಹೊರಗಿನಿಂದ ಒಬ್ಬರು ಬಂದು, ದೊಡ್ಡ ಪರದೆ ಮೇಲೆ ಎರಡು ನಿಮಿಷದಲ್ಲಿ ವೆಬ್‌ಸೈಟ್ ಮಾಡಿ ತೋರಿಸಿ, ಚಪ್ಪಾಳೆ ಗಿಟ್ಟಿಸಿ ಹೋಗಿರುತ್ತಾರೆ. ನೋಡಿದವರಿಗೆ ನಿರೀಕ್ಷೆ ಏರುತ್ತದೆ, ಕೈಗೆ ಏನೂ ಬಂದಿರುವುದಿಲ್ಲ. ಕೌಶಲ ಏರದೆ ನಿರೀಕ್ಷೆ ಮಾತ್ರ ಏರಿದರೆ ಒಂದು ಅಡ್ಡ ಪರಿಣಾಮವೂ ಇದೆ. ಮಕ್ಕಳು ಬಂದ ಮೊದಲ ಆಫರ್ ಬೇಡ ಎನ್ನುತ್ತಾರೆ.

ಹಾಗೆಂದು ಎಐಯನ್ನು ದೂರ ಇಡುವುದೂ ಸರಿಯಲ್ಲ. ಗ್ರಾಹಕ ಸೇವೆಯ 5,179 ನೌಕರರ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ ಎಐ ಸಲಹೆ ಸಿಕ್ಕಾಗ ಕೆಲಸದ ವೇಗ ಸರಾಸರಿ ಶೇ. 14ರಷ್ಟು ಹೆಚ್ಚಿತು. ಹೊಸಬರಿಗೆ ಅದು ಶೇ. 34. ನುರಿತವರ ಜಾಣತನ ಉಪಕರಣದ ಮೂಲಕ ಹೊಸಬರಿಗೆ ದಾಟಿತ್ತು. ನಮ್ಮ ಮಕ್ಕಳು ಹೊಸಬರೇ ತಾನೆ.

ಮುಂದಿನ ಸಲ ಮೊದಲ ಗಂಟೆ ಎಐ ಇಲ್ಲದೆ ಒಂದು ಸಣ್ಣ ಕೆಲಸ ಮಾಡಿಸಿ. ಎರಡನೇ ಗಂಟೆ ಅದೇ ಕೆಲಸ ಎಐ ಜೊತೆ. ಮೂರನೆಯದರಲ್ಲಿ ಬೇಕಂತಲೇ ತಪ್ಪಿಟ್ಟ ಎಐ ಉತ್ತರ ಕೊಟ್ಟು ಹುಡುಕಿಸಿ. ಅತಿಥಿ ಬೇಕೇ ಬೇಕು ಎಂದರೆ, ನಿಮ್ಮದೇ ಕಾಲೇಜಿನಿಂದ ಹೋದ ವರ್ಷ ಕೆಲಸಕ್ಕೆ ಸೇರಿದವರನ್ನು ಕರೆಸಿ. ಅದೇ ಬಸ್ಸಲ್ಲಿ ಬರುತ್ತಿದ್ದ, ಅದೇ ಕ್ಯಾಂಟೀನಲ್ಲಿ ಕೂರುತ್ತಿದ್ದ ಅಕ್ಕ ಹೇಳಿದರೆ ಮಕ್ಕಳು ನಂಬುತ್ತಾರೆ. ಕೈಗೆ ಎಷ್ಟು ಬರುತ್ತದೆ ಎಂಬುದನ್ನೂ ಅವರೇ ಹೇಳಲಿ.

ಅಸೈನ್‌ಮೆಂಟ್‌ಗಳಲ್ಲಿ ಎಐ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ವಿಭಾಗದ ನೋಟಿಸ್ ಬೋರ್ಡ್‌ನಲ್ಲಿ ಬರೆದು ಹಾಕಿ. ಈಗ ಒಬ್ಬ ಮೇಷ್ಟ್ರು ಬಳಸಿ ಎನ್ನುತ್ತಾರೆ, ಇನ್ನೊಬ್ಬರು ಮುಟ್ಟಬೇಡಿ ಎನ್ನುತ್ತಾರೆ. ಮಕ್ಕಳು ಕದ್ದು ಬಳಸುತ್ತಾರೆ, ಕದ್ದು ಬಳಸಿದ್ದನ್ನು ಇಂಟರ್‌ವ್ಯೂನಲ್ಲಿ ಹೇಳಲು ಹೆದರುತ್ತಾರೆ. ಇದನ್ನೆಲ್ಲಾ ಐದನೇ ಸೆಮಿಸ್ಟರ್‌ನಲ್ಲೇ ಮಾಡಿ. ಏಳನೆಯದಕ್ಕೆ ಬಿಟ್ಟರೆ ಆಗಲೇ ಕಂಪನಿಗಳು ಬರಲು ಶುರುವಾಗಿರುತ್ತವೆ, ಆಪ್ಟಿಟ್ಯೂಡ್ ಟೆಸ್ಟ್ ಬಿಟ್ಟರೆ ಬೇರೇನೂ ಮಕ್ಕಳ ತಲೆಗೆ ಹೋಗುವುದಿಲ್ಲ.